ಬಾಣಂತಿ ಕೋಣೆಯ ಅಣಬೆ

ಯಾವ ಕಾಲವೋ ಏನೋ, ನಮ್ಮಜ್ಜಿಯ ಅಜ್ಜಿಗೇ ಇದು ಹಳೇ ಮಾತು. ಕಾಡಂಚಿನ ಒಂದೂರಲ್ಲಿ ಮರಿಸಿದ್ದಮ್ಮ ಅಂತ ಒಬ್ಬಳು ಸೂಲಗಿತ್ತಿ ಇದ್ದಳಂತೆ. ಸುತ್ತ ಹತ್ತು ಹಳ್ಳಿಯ ಕೂಸುಗಳಿಗೆ ಮೊದಲ ನೀರು ಹೊಯ್ದ ಕೈ ಅವಳದೇ. ಬಾಯಿ ಮಾತ್ರ, ಅಬ್ಬಬ್ಬಾ! ಅವಳು ಎದುರಿಗೆ ಬಂದರೆ ಗಂಡಸರು ದಾರಿ ಬಿಟ್ಟು ಗದ್ದೆಗಿಳಿಯುತ್ತಿದ್ದರಂತೆ.

ಅವಳ ಸೊಸೆ ಕೆಂಚಿಗೆ ಎರಡು ಬಸಿರು ಕಳೆದಿತ್ತು. ಮೂರನೆಯದು ನಿಂತಿತು, ಆದರೆ ಹುಡುಗಿ ಏನೂ ಉಣ್ಣಲೊಲ್ಲಳು. ಮುದ್ದೆ ಕಂಡರೆ ವಾಕರಿಕೆ. ಅವಳಿಗೆ ಒಂದೇ ಬಯಕೆ, ಅಣಬೆ ಸಾರು. ಅದೂ ಉರಿಬೇಸಿಗೆಯಲ್ಲಿ! ಗುಡುಗು ಬಡಿದರಲ್ಲವೇ ಅಣಬೆ ಏಳೋದು? ಊರವರ ಕೂಸುಗಳನ್ನೆಲ್ಲ ಉಳಿಸಿದವಳಿಗೆ ಮನೆಯ ಕೂಸು ಈ ಸಲವೂ ದಕ್ಕದೇನೋ ಅಂತ ದಿಗಿಲಾಯಿತಂತೆ.

ಕಾಡಿಗೆ ಹೋದಳು. ಪ್ರತಿ ಮಳೆಗಾಲ ಊರೆಲ್ಲ ಅಣಬೆ ಕಿತ್ತು ತಿನ್ನುತ್ತಿದ್ದ ಅತ್ತಿಮರದ ಕೊರಡು ಒಣಗಿ ಬಿದ್ದಿತ್ತು. ತೊಗಟೆ ಎಬ್ಬಿಸಿ ನೋಡಿದರೆ ಒಳಗೆ ಅಣಬೆಯ ಬೇರಿನಂಥ ಬಿಳೀ ನೂಲು ಇನ್ನೂ ತಂಪಾಗಿತ್ತು. ಇದು ಸತ್ತಿಲ್ಲ, ಬಸುರಿ ಅಂದಳಂತೆ. ಆ ಕೊರಡಿನ ಚೂರು ತಂದು, ನೆನೆಸಿದ ಭತ್ತದ ಹುಲ್ಲಿಗೆ ಬೆರೆಸಿ ಮಡಕೆಗೆ ತುಂಬಿದಳು. ಹಸಿರು ಬೂಷ್ಟು ಹಿಡಿಯಿತು. ಇನ್ನೊಮ್ಮೆ ಇಟ್ಟಳು, ಮತ್ತೆ ಬೂಷ್ಟು. ಮುದುಕಿಗೆ ಅರಳುಮರಳು ಅಂತ ನೆರೆಯವರು ನಕ್ಕರಂತೆ. ಕೆಂಚಿ ದಿನದಿನಕ್ಕೆ ಕಡ್ಡಿಯಾಗುತ್ತಿದ್ದಳು.

ಮೂರನೇ ಸಲ ಒಂದು ಎಡವಟ್ಟಾಯಿತು. ಪಕ್ಕದ ಮನೆ ಬಾಣಂತಿಗೆ ಅಂತ ಹಂಡೆಯಲ್ಲಿ ಕಾಯಿಸಿದ ಸುಡುನೀರನ್ನು ಅವಸರದಲ್ಲಿ ಹುಲ್ಲಿನ ಮೇಲೆ ಹೊಯ್ದುಬಿಟ್ಟಳಂತೆ! ಅಯ್ಯೋ ಬೆಂದುಹೋಯ್ತಲ್ಲಾ ಅಂತ ಹಣೆ ಚಚ್ಚಿಕೊಂಡಳು. ಆಮೇಲೆ ತನಗೇ ನಗು ಬಂತು. ಎಷ್ಟು ಬಾಣಂತಿಯರಿಗೆ ಈ ಕೈ ಬಿಸಿನೀರು ಹೊಯ್ದಿಲ್ಲ, ನೀರು ಬಿದ್ದ ಮೇಲೆ ಇದಕ್ಕೂ ಬಾಣಂತನವೇ ಆಗಲಿ ಅಂದಳಂತೆ. ಹುಲ್ಲು ಆರಿದ ಮೇಲೆ ಕೊರಡಿನ ಚೂರು ಬೆರೆಸಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಕೋಣೆಯಲ್ಲಿಟ್ಟಳು. ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಸ್ವಂತ ಗಂಡನನ್ನೂ ಹೊಸ್ತಿಲಾಚೆ ನಿಲ್ಲಿಸಿದಳಂತೆ, ನೋಡಿ!

ಸುಡುನೀರಿಗೆ ಬೂಷ್ಟು ಸತ್ತಿತ್ತೇನೋ, ಈ ಸಲ ಹಸಿರು ಹಿಡಿಯಲಿಲ್ಲ; ಹದಿನೈದು ದಿನಕ್ಕೆ ಆ ಬಿಳೀ ನೂಲು ಹಬ್ಬಿ ಹುಲ್ಲೆಲ್ಲ ಬೆಳ್ಳಗಾಯಿತು. ಇಪ್ಪತ್ತೊಂದಕ್ಕೆ ಬಟ್ಟೆ ಬಿಚ್ಚಿದರೆ ಕೂಸಿನ ಕಿವಿಯಂಥ ಅಣಬೆ, ಗೊಂಚಲು ಗೊಂಚಲು. ಬಂದ್ಯಾ ನನ್ನಪ್ಪಾ ಅಂತ ಮರಿಸಿದ್ದಮ್ಮ ಅಲ್ಲೇ ಕೂತು ಅತ್ತಳಂತೆ. ಮೊದಲು ತಾನು ಸಾರು ಕುಡಿದು, ಒಂದು ದಿನ ಕಾದು, ಆಮೇಲೆ ಸೊಸೆಗೆ ಬಡಿಸಿದಳು. ಕೆಂಚಿ ಮೂರು ಸಲ ಹಾಕಿಸಿಕೊಂಡಳು, ಮುದ್ದೆಯ ಜೊತೆಗೆ! ದೀಪಾವಳಿ ಹೊತ್ತಿಗೆ ಗಟ್ಟಿ ಕೂಸು ಹುಟ್ಟಿ, ಊರಿಗೆಲ್ಲ ಕೇಳುವಷ್ಟು ಅತ್ತಿತಂತೆ.

ಅವಳು ಕೈ ಬೀಸಿದರೆ ಗುಡುಗಿಲ್ಲದೆ ಅಣಬೆ ಏಳುತ್ತಿತ್ತು ಅಂತಲೂ ಹೇಳುತ್ತಾರೆ. ಹೇಳಲಿ ಬಿಡಿ, ಕೇಳೋಕೆ ಚೆನ್ನಾಗಿದೆ.

ಈಗಲೂ ಆ ಊರಲ್ಲಿ ಅಣಬೆ ಬೆಳೆಯುವ ಕೋಣೆಗೆ ಬಾಣಂತಿ ಕೋಣೆ ಅಂತಲೇ ಹೆಸರು. ಮೊದಲ ಕೊಯ್ಲನ್ನು ಮಾರುವುದಿಲ್ಲ, ಮನೆಯವರೂ ತಿನ್ನುವುದಿಲ್ಲ. ಯಾವ ಕೇರಿಯಲ್ಲಿ ಬಸುರಿ ಇದ್ದಾಳೋ ಆ ಕೇರಿಗೆ ಒಯ್ಯುತ್ತಾರೆ. ಬಾಗಿಲಲ್ಲಿ ನಿಂತು ಹೇಳುವುದು ಇಷ್ಟೇ: “ಮರಿಸಿದ್ದಮ್ಮ ಕಳಿಸಿದಾಳೆ, ಉಣ್ಣವ್ವ.”