ರೊಪ್ಪದಲ್ಲಿ ಮಾಡದ ತಪ್ಪು

"ಅವ್ವಾ, ಮೊದಲ ಕೂಸಿಗೆ ಹಾಲು ಸಾಲದೆ ಕಣ್ಣೀರು ಹಾಕಿದವಳು ಈಗ ಮತ್ತೆ ಹೆತ್ತಿದ್ದಾಳೆ. ಈ ಸಲವಾದರೂ ಹಾಲು ಬರುತ್ತದಾ ಅಂತ ನನ್ನ ಕೈ ಹಿಡಿದುಕೊಂಡು ಕೇಳಿದಳು. ಬರುತ್ತದೆ ಎಂದರೆ ಸುಳ್ಳಾದೀತು. ಬರುವುದಿಲ್ಲ ಎಂದರೆ ಅವಳ ಎದೆ ಒಡೆದೀತು. ನಾನು ಏನು ಹೇಳಲಿ?"

ಸೂಲಗಿತ್ತಿ ಬೀರವ್ವನನ್ನು ಹೀಗೆ ಕೇಳಿದವಳು ಮಾಳವ್ವ. ಬೀರವ್ವನ ಜೊತೆ ಓಡಾಡಿ ಹೆರಿಗೆಯ ಕೆಲಸ ಕಲಿಯತೊಡಗಿ ಅವಳಿಗೆ ಎರಡು ವರ್ಷವಾಗಿತ್ತು. ಬೀರವ್ವ ತನ್ನ ಚೀಲದಿಂದ ಹಿತ್ತಾಳೆಯ ಒಂದು ಒಳಲೆ ತೆಗೆದಳು. ಕೂಸಿನ ಬಾಯಿಗೆ ಹಾಲು ಬಿಡುವ ಮೂತಿಯ ಬಟ್ಟಲು ಅದು. ಒಂದು ಕಡೆ ಅಂಚು ನೆಗ್ಗಿತ್ತು. ಸೆರಗಿನಿಂದ ಅದನ್ನು ಒರೆಸುತ್ತ, "ಕೂತುಕೋ ಮಗಳೇ, ಹೇಳುತ್ತೇನೆ" ಎಂದಳು.

ಒಂದು ಹಟ್ಟಿಯಲ್ಲಿ ಒಬ್ಬ ಕುರಿಗಾರನ ಹೆಂಡತಿ ಇದ್ದಳು. ಕುರಿಗಳ ಬಾಣಂತನದಲ್ಲಿ ಅವಳ ಕೈ ಪಳಗಿತ್ತು. ಹಾಲು ಕಡಿಮೆಯಿರುವ ಕುರಿ ಈದರೆ, ಅವಳು ಮರಿಯನ್ನು ಮೊದಲು ಅದರ ತಾಯಿಗೇ ಬಿಡುತ್ತಿದ್ದಳು. ಮರಿ ಕೆಚ್ಚಲಿಗೆ ಗುದ್ದಿ ಗುದ್ದಿ ಇದ್ದಷ್ಟನ್ನು ಕುಡಿಯಬೇಕು. ಆಮೇಲೆ ಒಂದು ಮೇಕೆಯ ಕಾಲು ಹಿಡಿದು ನಿಂತು, ಅದೇ ಮರಿಯನ್ನು ಮೇಕೆಗೆ ಬಿಡಬೇಕು. ಮೊದಲೇ ಮೇಕೆಗೆ ಬಿಟ್ಟರೆ ಹೊಟ್ಟೆ ತುಂಬಿದ ಮರಿ ತಾಯಿಯ ಕಡೆ ತಿರುಗುವುದಿಲ್ಲ. ತಾಯಿಯ ಕೆಚ್ಚಲು ಬತ್ತಿಹೋಗುತ್ತದೆ. ಇದನ್ನು ಅವಳಿಗೆ ಕಲಿಸಿದವಳು ಅವಳ ಅತ್ತೆ.

ಆ ಹೆಂಗಸಿಗೆ ಮೊದಲು ಹೆಣ್ಣುಮಗು ಹುಟ್ಟಿತು. ಹಾಲು ಕಡಿಮೆಯಿತ್ತು. ಕೂಸು ಅತ್ತ ಕೂಡಲೇ ಅತ್ತೆ ಒಳಲೆ ಹಿಡಿದಳು. ಕಾಯಿಸಿ ಆರಿಸಿದ ಮೇಕೆ ಹಾಲು. ಹೊಟ್ಟೆ ತುಂಬಿದ ಕೂಸು ಮಲಗಿತು, ಮೊಲೆ ಕೇಳಲಿಲ್ಲ. ತಿಂಗಳೊಳಗೆ ಇದ್ದ ಹಾಲೂ ನಿಂತಿತು. ಕೂಸು ಬೆಳೆಯಿತು, ತಾಯಿ ಕುಗ್ಗಿದಳು. ನೀರಿಗೆ ಹೋದರೆ ಹೆಂಗಸರು ನಗುತ್ತಿದ್ದರು. "ನಿನ್ನ ಮಗಳು ನಿನ್ನನ್ನ ಅವ್ವ ಅಂತಾಳೋ, ಮೇಕೇನ ಅವ್ವ ಅಂತಾಳೋ?" ಅವಳೂ ನಗುತ್ತಿದ್ದಳು. ಕೊಡ ಹೊತ್ತು ಬೆನ್ನು ತಿರುಗಿಸಿದ ಮೇಲೆ ಅಳುತ್ತಿದ್ದಳು.

ಐದು ವರ್ಷದ ಮೇಲೆ ಮತ್ತೆ ಬಸುರಾದಳು. ದಿನ ತುಂಬುವ ಮೊದಲೇ ಆ ಒಳಲೆಯನ್ನು ಒಯ್ದು, ಕುರಿ ಕೂಡುವ ರೊಪ್ಪದ ಮೂಲೆಯಲ್ಲಿ ಹಿಕ್ಕೆಯ ಕೆಳಗೆ ಹೂತಳು. ಗಂಡುಮಗು ಹುಟ್ಟಿತು. ಈ ಕೂಸಿಗೆ ನನ್ನ ಹಾಲೇ, ಬೇರೊಂದು ಹನಿ ಮುಟ್ಟಿಸಿದರೆ ನನ್ನಾಣೆ ಎಂದಳು. ಹೊತ್ತುಗೊತ್ತಿಲ್ಲದೆ ಕೂಸನ್ನು ಎದೆಗೆ ಹಾಕಿಕೊಂಡಳು. ಹಾಲು ಬಂತು, ಸಾಲಲಿಲ್ಲ. ಆರನೆಯ ದಿನ ಕೂಸಿನ ಬಟ್ಟೆ ಬೆಳಗಿನಿಂದ ಒಣಗಿಯೇ ಇತ್ತು. ಏಳನೆಯ ದಿನ ಕೂಸಿಗೆ ಅಳುವ ಶಕ್ತಿಯೂ ಉಳಿಯಲಿಲ್ಲ. ಹೊಟ್ಟೆ ತುಂಬಿ ಸುಮ್ಮನಾಗಿದೆ ಎಂದುಕೊಂಡಳು ತಾಯಿ.

ಅದು ಹಸಿವಿನ ನಿತ್ರಾಣ ಎಂದು ಅತ್ತೆಗೆ ತಿಳಿಯಿತು. "ಕೊಡೇ ಇಲ್ಲಿ ಕೂಸನ್ನ. ಒಳಲೆ ಎಲ್ಲಿ ಮಡಗಿದೆ?"

"ಕೊಡಲ್ಲ ಅತ್ತೆ. ಒಂದನ್ನ ನೀವು ಸಾಕಿದಿರಿ. ಇದನ್ನ ನಾನು ಸಾಕ್ತೀನಿ."

"ನಿನ್ನ ಕೈಯಾರೆ ಎಷ್ಟು ಮರಿಗಳನ್ನ ಮೇಕೆಗೆ ಬಿಟ್ಟಿದ್ದೀಯ! ಹಾಲು ಸಾಲಲಿಲ್ಲ ಅಂತ ಯಾವ ಕುರೀನಾದರೂ ಬೈದೆಯೇನೇ? ಕುರಿಗಿಲ್ಲದ ನಾಚಿಕೆ ನಿನಗ್ಯಾಕೆ?"

ಸೊಸೆ ಕೂಸನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಅತ್ತೆ ಅವಳ ಎದುರಿಗೆ ನೆಲದ ಮೇಲೆ ಕುಳಿತಳು. ದನಿ ಇಳಿಯಿತು.

"ಆವತ್ತಿನ ತಪ್ಪು ನಂದು ಕಣವ್ವ. ಮರೀನ ಮೊದಲು ತಾಯಿಗೆ ಬಿಡು ಅಂತ ನಿನಗೆ ಹೇಳಿಕೊಟ್ಟವಳು ನಾನು. ಮನೇಲಿ ಕೂಸು ಅತ್ತಾಗ ತಡೆಯಲಾರದೆ ಮೊದಲು ಒಳಲೆ ಹಿಡಿದೆ. ರೊಪ್ಪದಲ್ಲಿ ಒಂದು ದಿನವೂ ಮಾಡದ ತಪ್ಪನ್ನ ಮನೇಲಿ ಮಾಡಿದೆ. ಈಗ ನೀನು ಇನ್ನೊಂದು ಮಾಡ್ತಿದ್ದೀಯ. ತಾಯಿ ಹಾಲು ಸಾಲದ ಮರೀನ ಮೇಕೆಗೆ ಬಿಡದೆ ಸಾಯಿಸಿದ ಕುರಿಗಾರ್ತೀನ ಎಲ್ಲಾದರೂ ಕಂಡಿದ್ದೀಯಾ?"

ಬಾಗಿಲಲ್ಲಿ ನಿಂತಿದ್ದ ಸೊಸೆಯ ಹಿರಿಮಗಳು ಹೊರಗೆ ಓಡಿದಳು. ಅವ್ವ ಒಳಲೆ ಹೂತದ್ದನ್ನು ಅವಳು ನೋಡಿದ್ದಳು. ಗುದ್ದಲಿ ಹಿಡಿದು ಅಗೆದಳು, ತೊಳೆದಳು, ಲಂಗದಲ್ಲಿ ಒರೆಸಿ ತಂದಳು. ಗುದ್ದಲಿಯ ಏಟಿಗೆ ಅದರ ಅಂಚು ನೆಗ್ಗಿತ್ತು.

"ಅವ್ವಾ, ನಾನು ಇದರಲ್ಲೇ ಕುಡಿದಿದ್ದಂತೆ. ಇದು ಕೆಟ್ಟದ್ದಾ?"

ತಾಯಿ ಮಗಳ ಮುಖ ನೋಡಿದಳು. ಐದು ವರ್ಷದಲ್ಲಿ ಆ ಮುಖವನ್ನು ಅವಳು ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ಕೂಸನ್ನು ಎದೆಗೆ ಹಾಕಿಕೊಂಡು ಇದ್ದಷ್ಟು ಕುಡಿಸಿದಳು. ಕುಡಿಸಿದ ಮೇಲೆ ತಾನೇ ಕೈ ಚಾಚಿ ಒಳಲೆ ಇಸಿದುಕೊಂಡಳು.

ಅಂದಿನಿಂದ ಮೊದಲು ಎದೆ, ಆಮೇಲೆ ಒಳಲೆ. ಮೂರು ದಿನಕ್ಕೆ ಕೂಸು ಹಟ್ಟಿಗೆಲ್ಲ ಕೇಳುವಂತೆ ಅತ್ತಿತು. ಆ ತಾಯಿಗೆ ಪೂರ್ತಿ ಸಾಲುವಷ್ಟು ಹಾಲು ಎಂದೂ ಬರಲಿಲ್ಲ. ಬತ್ತಲೂ ಇಲ್ಲ. ಹುಡುಗ ಎರಡನ್ನೂ ಕುಡಿದು ದೊಡ್ಡವನಾದ.

ಬೀರವ್ವ ಕತೆ ನಿಲ್ಲಿಸಿದಳು. ಮಾಳವ್ವ ಹೇಳಿದಳು:

"ಸರಿ ಅವ್ವಾ, ಆ ಹುಡುಗನಿಗೆ ತಾಯಿಯ ಹಾಲು ಅಷ್ಟಾದರೂ ಸಿಕ್ಕಿತು. ಹೆಣ್ಣುಮಗು ಪಾಪ, ಬರೀ ಒಳಲೆಯಲ್ಲೇ ಬೆಳೆಯಿತಲ್ಲ. ಅದಕ್ಕೆ ಏನೇನು ಕಡಿಮೆ ಬಿತ್ತೋ!"

ಬೀರವ್ವ ಅಂಚು ನೆಗ್ಗಿದ ಒಳಲೆಯನ್ನು ಅವಳ ಅಂಗೈಯಲ್ಲಿ ಇಟ್ಟಳು.

"ಎಪ್ಪತ್ತು ವರ್ಷದಿಂದ ನಾನೂ ಹುಡುಕುತ್ತಿದ್ದೇನೆ ಮಗಳೇ, ನನಗೆ ಎಲ್ಲಿ ಕಡಿಮೆ ಬಿದ್ದಿದೆ ಅಂತ ನೀನೇ ನೋಡಿ ಹೇಳು, ಆಮೇಲೆ ಆ ಬಾಣಂತಿಯ ಮನೆಗೆ ಹೋಗು."

ಮಾಳವ್ವ ಒಳಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.