ಕಾಶವ್ವ ಹಾಸಿದ ಮಡಿ

ಕಾಗಿಣಾ ಹೊಳೆಗೆ ಇನ್ನೂ ಸೇತುವೆ ಕಟ್ಟಿರದ ಕಾಲ. ಆಚೆ ದಂಡೆಗೆ ಹೋಗಬೇಕಾದವರು ನೀರು ಇಳಿಯುವ ತನಕ ಈಚೆ ದಂಡೆಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂರುತ್ತಿದ್ದ ಕಾಲ. ಆ ಕಾಲದಲ್ಲಿ, ಹಾಸುಗಲ್ಲಿನ ಸೀಮೆಯ ಒಂದೂರಿನಲ್ಲಿ, ಮಡಿವಾಳರ ಕಾಶವ್ವ ಅಂತ ಒಬ್ಬಳಿದ್ದಳಂತೆ.

ಎತ್ತರದ ಹೆಂಗಸು, ಮಾತು ಕಡಿಮೆ. ಬಟ್ಟೆಯ ಮೇಲಿನ ಕಲೆ ನೋಡಿ ಅದರ ಹುಟ್ಟು ಹೇಳುತ್ತಿದ್ದಳಂತೆ. ಇದು ಬಾಳೆಯ ಕರೆ, ಇದು ಗಾಡಿಯ ಕೀಲೆಣ್ಣೆ, ಇದು ಅತ್ತು ಒರೆಸಿಕೊಂಡ ಕಾಡಿಗೆ. ಈಗಿನವರು ಇನ್ನಷ್ಟು ಸೇರಿಸುತ್ತಾರೆ. ಅವಳು ಹೊಳೆಗೆ ಕಾಲಿಟ್ಟರೆ ಕೆಂಪು ನೀರು ತಿಳಿಯಾಗುತ್ತಿತ್ತಂತೆ, ಅವಳು ಒಗೆದ ಅಂಗಿ ತೊಟ್ಟರೆ ಚಳಿಜ್ವರ ಬಿಡುತ್ತಿತ್ತಂತೆ. ಅದನ್ನು ನೀವು ನಂಬಬೇಕಾಗಿಲ್ಲ. ಅವಳ ಕಿವಿಗೆ ಬಿದ್ದಿದ್ದರೆ ಅವಳೂ ನಂಬುತ್ತಿರಲಿಲ್ಲ.

ಆ ಊರಿನ ಗೌಡನ ಮನೆಯಲ್ಲಿ ಒಂದು ಸಲ ಕರಿ ಗೀಟು ಬೀಳಲು ಶುರುವಾಯಿತಂತೆ. ಒಗೆದು ಮಡಚಿ ಸಂದೂಕದಲ್ಲಿಟ್ಟು ಬೀಗ ಹಾಕಿದ ಬಟ್ಟೆ ಬೆಳಗಾಗುವುದರಲ್ಲಿ ಗೀಟು ಗೀಟಾಗಿ ಕಪ್ಪಾಗಿರುತ್ತಿತ್ತಂತೆ. ಆಮೇಲೆ ಹೊಸ ಸೊಸೆ ರೇವಮ್ಮನ ತೋಳಿನ ಮೇಲೂ ಕರಿ ಬಾಸುಂಡೆ ಎದ್ದವು, ಒಡೆದು ನೀರು ಸೋರಿದವು. ಇದು ಭಾನಾಮತಿ ಅಂದಿತು ಊರು. ಯಾರೋ ಎಲ್ಲೋ ಕೂತು ಮಂತ್ರ ಹೇಳಿದರೆ ಇಲ್ಲಿ ಬಟ್ಟೆ ಸುಡುತ್ತದೆ, ಮೈ ಸುಡುತ್ತದೆ. ಆ ಸೀಮೆಯಲ್ಲಿ ಭಾನಾಮತಿ ಅಂದರೆ ಅದೇ. ಹೆಸರು ಕೇಳಿದರೆ ಸಾಕು, ಹೊತ್ತು ಮುಳುಗುವ ಮೊದಲೇ ಜನ ಕದ ಹಾಕಿಕೊಳ್ಳುತ್ತಿದ್ದರಂತೆ.

ಗೌಡ ಹೊಳೆಯಾಚೆಯಿಂದ ಒಬ್ಬ ಮಂತ್ರಗಾರನನ್ನು ಕರೆಸಿದ. ಅವನು ನಿಂಬೆಹಣ್ಣು ಕೊಯ್ದು, ಕಣ್ಣು ಮುಚ್ಚಿ, ಮಾಡಿದಾಕೆ ಒಂಟಿ ಹೆಂಗಸು, ಮಂದಿಯ ಬಟ್ಟೆಯ ಚೂರು ಅವಳ ಮನೆಯಲ್ಲಿದೆ ಅಂದನಂತೆ. ಹಾಗೆ ಹೇಳಿದರೆ ಆ ಊರಲ್ಲಿ ಇರುವವಳು ಒಬ್ಬಳೇ, ಕೌದಿ ಹೊಲಿಯುವ ಸೋನವ್ವ. ಗಂಡನಿಲ್ಲ, ಮಕ್ಕಳಿಲ್ಲ. ಎಲ್ಲರ ಮನೆಯ ಹಳೆ ಸೀರೆ, ಹರಿದ ಧೋತರ ತಂದು ಚೂರು ಚೂರು ಕೂಡಿಸಿ ಕೌದಿ ಮಾಡಿ ಬದುಕುತ್ತಿದ್ದಳು. ಸೋಮವಾರ ಊರಬಾಗಿಲಾದ ಅಗಸೆಯ ಮುಂದೆ ಜನ ಕೂಡಬೇಕು, ಕಮ್ಮಾರನ ಇಕ್ಕಳದಿಂದ ಅವಳ ಮುಂದಿನ ಹಲ್ಲು ಕೀಳಬೇಕು ಅಂತ ತೀರ್ಮಾನವಾಯಿತು. ಹಲ್ಲಿಲ್ಲದ ಬಾಯಲ್ಲಿ ಮಂತ್ರ ನೆಟ್ಟಗೆ ಹೊರಡುವುದಿಲ್ಲ ಅನ್ನುವುದು ಅವರ ನಂಬಿಕೆ.

ಸುದ್ದಿ ಕೇಳಿ ಕಾಶವ್ವ ಸೋನವ್ವನ ಮನೆಗೆ ಹೋದಳಂತೆ. ಅವರಿಬ್ಬರೂ ಚಿಕ್ಕಂದಿನ ಗೆಳತಿಯರು. ಸೋನವ್ವ ಬಾಗಿಲಲ್ಲಿ ಕೂತು ಸೂಜಿಯನ್ನು ಬೆಳಕಿಗೆ ಹಿಡಿದಿದ್ದಳು. ಕಣ್ಣು ಮಂಜಾಗಿ ಬಹಳ ದಿನವಾಗಿತ್ತು.

"ಮಂತ್ರ ಬರ್ತಿದ್ರ ಮೊದಲ ಈ ಸೂಜಿಗೆ ದಾರ ಪೋಣಸ್ಕೊಂತಿದ್ದೆ, ಕಾಶಿ," ಅಂದಳಂತೆ.

ಇಬ್ಬರೂ ನಕ್ಕರು. ನಗುತ್ತಿದ್ದ ಹಾಗೇ ಸೋನವ್ವನ ಕೈ ತಾನಾಗಿ ಬಾಯಿ ಮುಚ್ಚಿಕೊಂಡಿತು. ಕಾಶವ್ವ ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟು ಎದ್ದುಬಂದಳು.

ಗೌಡನ ಮನೆಯ ಗೀಟು ಬಿದ್ದ ಬಟ್ಟೆ ಅವಳ ಹತ್ತಿರವೇ ಒಗೆಯಲು ಬಂದಿತ್ತು. ಚೌಳುಮಣ್ಣು ಹಾಕಿ ತಿಕ್ಕಿದಳು. ಗೀಟು ಹೋಗಲಿಲ್ಲ, ಇನ್ನೂ ಕಪ್ಪಾಯಿತು. ದಂಡೆಯಲ್ಲಿದ್ದವರು ನೋಡಿ ಹಿಂದೆ ಸರಿದರಂತೆ. ಒಗೆದಷ್ಟೂ ಕಪ್ಪಾಗುತ್ತದೆ, ಇನ್ನೇನು ಸಾಕ್ಷಿ ಬೇಕು ಅಂದರಂತೆ. ಕಾಶವ್ವ ಮಾತ್ರ ಆ ಗೀಟನ್ನೇ ನೋಡುತ್ತ ನಿಂತಳು. ಒಗೆದಷ್ಟೂ ಕಪ್ಪಾಗುವ ಒಂದು ಕಲೆ ಅವಳಿಗೆ ಗೊತ್ತಿತ್ತು. ಕೇರು ಬೀಜದ ರಸ. ಹತ್ತು ಮನೆಯ ಬಟ್ಟೆ ಒಂದರಲ್ಲೊಂದು ಬೆರೆಯಬಾರದು ಅಂತ ಮಡಿವಾಳರು ಅಂಚಿಗೆ ಗುರುತು ಹಾಕುವುದು ಅದರಿಂದಲೇ. ಹಚ್ಚಿದಾಗ ಮಾಸಲಾಗಿರುತ್ತದೆ, ಗಾಳಿಗೆ ಹೊತ್ತು ಕಳೆದ ಹಾಗೆ ಕಪ್ಪಾಗುತ್ತದೆ, ಸುಣ್ಣ ತಾಗಿದರೆ ಕೂಡಲೇ ಕಪ್ಪಾಗುತ್ತದೆ. ಚೌಳು ತಾಗಿದರೂ ಹಾಗೆಯೇ ಬಣ್ಣ ಏರುತ್ತದೆ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ.

ಆದರೂ ಅವಳು ಯಾರಿಗೂ ಹೇಳಲಿಲ್ಲ. ತನಗೆ ಹಾಗೆ ಅನ್ನಿಸಿದ್ದು ಬೇರೆ, ಹಾಗೆ ಇರುವುದು ಬೇರೆ ಅಂದುಕೊಂಡಳಂತೆ. ತನ್ನದೇ ಹಳೆ ಸೀರೆಗೆ ಕೇರಿನ ರಸದಿಂದ ಗೀಟೆಳೆದು ಮಡಚಿ ಗಡಿಗೆಯೊಳಗಿಟ್ಟು ಬಾಯಿ ಕಟ್ಟಿದಳು. ಬೆಳಿಗ್ಗೆ ತೆಗೆದು ಗೌಡನ ಮನೆಯ ಧೋತರದ ಪಕ್ಕದಲ್ಲಿ ಹರವಿದಳು. ಯಾವುದು ಭಾನಾಮತಿಯ ಗೀಟು, ಯಾವುದು ತನ್ನ ಗೀಟು ಅಂತ ಅವಳಿಗೇ ತಿಳಿಯಲಿಲ್ಲ. ಆಗ ಅವಳಿಗೆ ಸಮಾಧಾನವಾಯಿತು, ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಯಾಕೆಂದರೆ ಆ ಊರಲ್ಲಿ ಕೇರು ಬೀಜ ಇಟ್ಟುಕೊಂಡಿದ್ದವಳು ಅವಳೊಬ್ಬಳೇ.

ಒಗೆದ ಬಟ್ಟೆ ಕೊಡುವ ನೆಪದಲ್ಲಿ ಗೌಡನ ಹಿತ್ತಲಿಗೆ ಹೋದಳು. ಅಲ್ಲಿ ಕೂತೇ ಅವಳು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು. ಗೋಡೆಯ ಗೂಡಿನಲ್ಲಿ ಕೇರಿನ ಬೀಜ ಬಿಟ್ಟು ಬರುವುದು ರೂಢಿ. ಗೂಡು ನೋಡಿದರೆ ಅರ್ಧ ಬರಿದಾಗಿತ್ತು. ರೇವಮ್ಮ ಮೂಲೆಯಲ್ಲಿ ಕೂತಿದ್ದಳು, ಸುತ್ತ ವಿಭೂತಿಯ ಗೆರೆ. ಯಾರೂ ಆ ಗೆರೆ ದಾಟುತ್ತಿರಲಿಲ್ಲ. ಕಾಶವ್ವ ದಾಟಿ ಪಕ್ಕದಲ್ಲಿ ಕೂತಳು.

"ಬಲಗೈ ತೋರ್ಸು, ತಂಗಿ."

ರೇವಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳಂತೆ.

"ಎಲ್ಲಾ ಗೀಟು ಎಡಗೈ ಮ್ಯಾಲೇ ಬಿದ್ದಾವ. ಭಾನಾಮತಿಗೂ ಬಲಗೈ ರೂಢಿ ಏನು?"

ಹುಡುಗಿ ಒಂದು ಗಳಿಗೆ ನಕ್ಕಳು, ಆಮೇಲೆ ಅಳತೊಡಗಿದಳು. ಸೆರಗಿನಿಂದ ಹೊರಬಂದ ಬಲಗೈಯ ಬೆರಳ ತುದಿಗಳೆಲ್ಲ ಕಪ್ಪಾಗಿ ಸುಲಿದಿದ್ದವು. ತೋಳಿನ ಮೇಲೆ ಕರಿ ಬಾಸುಂಡೆಯ ನಡುವೆ ಹಳೆಯ ಬೇರೆ ಬಾಸುಂಡೆಗಳಿದ್ದವು, ನೀಲಿಯವು, ಹಸಿರಿಗೆ ತಿರುಗಿದವು. ಅವು ಯಾತರವು ಅಂತ ಕಾಶವ್ವನಿಗೆ ಕೇಳಬೇಕಾಗಲಿಲ್ಲ. ಗೌಡನ ಮಗನ ಕೈಯ ಬಾರುಕೋಲು ಎತ್ತಿಗಷ್ಟೇ ಮೀಸಲಾಗಿರಲಿಲ್ಲ, ಗೌಡ ಕೇಳಿಯೂ ಕೇಳದ ಹಾಗೆ ಕಟ್ಟೆಯ ಮೇಲೆ ಕೂರುತ್ತಿದ್ದ ಅಂತ ಓಣಿಗೆಲ್ಲ ಗೊತ್ತಿತ್ತು.

"ಗೀಟು ಬಿದ್ದ ಮ್ಯಾಲ ಹೊಡಿಯೂದು ಬಿಟ್ಟಾರ, ಕಾಶವ್ವ. ಮುಟ್ಟಾಕ ಅಂಜ್ತಾರ," ಅಂದಳಂತೆ ರೇವಮ್ಮ. "ಸೋನವ್ವನ ಹೆಸರು ನಾ ಹೇಳಿಲ್ಲ. ಖರೇನ ಹೇಳಿಲ್ಲ."

ಅವಳು ಹೇಳಿರಲಿಲ್ಲ, ನಿಜ. ಹಾಗಂತ ಇಕ್ಕಳ ನಿಲ್ಲುವುದಿಲ್ಲ. ಕಾಶವ್ವ ಮನೆಗೆ ಬಂದು ಬಹಳ ಹೊತ್ತು ಯೋಚಿಸಿದಳಂತೆ. ಒಂದು ಮಾತು ಹೇಳಿದರೆ ಸೋನವ್ವನ ಹಲ್ಲು ಉಳಿಯುತ್ತದೆ, ಆದರೆ ಅದೇ ಮಾತಿಗೆ ಈ ಹುಡುಗಿಯ ಗತಿ ಏನಾಗುತ್ತದೋ. ಹೇಳದಿದ್ದರೆ ಈ ಹುಡುಗಿ ಉಳಿಯುತ್ತಾಳೆ, ಸೋನವ್ವ ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡು ತಿರುಗಬೇಕು. ಭಾನಾಮತಿಯನ್ನು ನಾನೇ ಕಟ್ಟಿಹಾಕಿದೆ ಅಂತ ಬೊಗಳೆ ಬಿಡಬಹುದಿತ್ತು. ಊರು ನಂಬುತ್ತಿತ್ತು, ಕಾಲಿಗೂ ಬೀಳುತ್ತಿತ್ತು. ಮುಂದಿನ ಸಲ ಗೀಟು ಬಿದ್ದಾಗ ಇನ್ನೊಬ್ಬ ಸೋನವ್ವನನ್ನು ಹುಡುಕುತ್ತಿತ್ತು.

ಸೋಮವಾರ ಬಂತು. ಊರು ಕೂಡುವಲ್ಲಿ ಹಿರಿಯರು ಕೂರಲು ಒಗೆದ ಬಿಳಿ ಬಟ್ಟೆ ಹಾಸುವುದು ಮಡಿವಾಳರ ಕೆಲಸ. ಅದಕ್ಕೆ ಮಡಿ ಹಾಸುವುದು ಅನ್ನುತ್ತಾರೆ. ಕಾಶವ್ವ ಅಗಸೆಯ ಮುಂದೆ ಉದ್ದಕ್ಕೂ ಮಡಿ ಹಾಸಿ ಬದಿಗೆ ನಿಂತಳು. ಸೋನವ್ವನನ್ನು ಕರೆತಂದರು. ಮಂತ್ರ ಹೇಳಬಾರದು ಅಂತ ಬೆಳಗಿನಿಂದಲೇ ಬಾಯಿಗೆ ಬಟ್ಟೆ ಕಟ್ಟಿದ್ದರು. ಕಮ್ಮಾರ ಇಕ್ಕಳ ಹಿಡಿದು ನೆಲ ನೋಡುತ್ತ ನಿಂತಿದ್ದನಂತೆ. ಮಂತ್ರಗಾರ ಎಲ್ಲ ಮಂತ್ರಗಾರರ ರೂಢಿಯಂತೆ ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡಿದ ನೀರನ್ನು ಬೇವಿನ ಸೊಪ್ಪಿನಿಂದ ಸುತ್ತಲೂ ಚಿಮುಕಿಸುತ್ತ ಬಂದ.

ನೀರು ಬಿದ್ದಲ್ಲೆಲ್ಲ ಬಿಳಿ ಮಡಿಯ ಅಂಚಿನಲ್ಲಿ ಕರಿ ಗೀಟು ಎದ್ದವಂತೆ. ಒಂದರ ಪಕ್ಕದಲ್ಲಿ ಒಂದು, ಒಂದರ ಪಕ್ಕದಲ್ಲಿ ಒಂದು, ಹಿರಿಯರ ಕಾಲ ಬುಡದ ತನಕ. ಕೂತವರು ಎದ್ದರು, ನಿಂತವರು ಓಡಲು ನೋಡಿದರು. ಮಂತ್ರಗಾರ ಸೋನವ್ವನತ್ತ ಬೆರಳು ತೋರಿಸಿ, ನೋಡಿ, ನಿಮ್ಮ ಕಣ್ಣೆದುರಿಗೇ ಮಾಡಿದಳು ಅಂದ.

ಕಾಶವ್ವ ಮುಂದೆ ಬಂದಳು.

"ಆಕಿ ಬಾಯಿ ನೀವ ಕಟ್ಟೀರಿ. ಮತ್ತ ಮಂತ್ರ ಹೇಳಿದಾವ್ರು ಯಾರು?"

ಮಂತ್ರಗಾರ ಏನೋ ಹೇಳಹೊರಟನಂತೆ. ಕಾಶವ್ವ ಅವನ ಕಡೆ ನೋಡದೆ ಸೆರಗಿನ ಗಂಟು ಬಿಚ್ಚಿ ಕೇರಿನ ಬೀಜ ತೆಗೆದಳು. ಇವತ್ತು ಬೆಳಿಗ್ಗೆ ಗೀಟೆಳೆದವಳು ತಾನೇ ಅಂದಳು, ಇದರಿಂದ ಅಂದಳು. ಯಾರೂ ನಂಬಲಿಲ್ಲ. ಆಗ ಬೀಜಕ್ಕೆ ಕಡ್ಡಿ ಚುಚ್ಚಿ ಗೌಡನ ಕೈಗೆ ಕೊಟ್ಟು, ನೀವೇ ಎಳೆಯಿರಿ ಅಂದಳಂತೆ. ಗೌಡ ಅಂಜುತ್ತಲೇ ಮಡಿಯ ಮೇಲೆ ಒಂದು ಗೀಟೆಳೆದ. ಅದು ಮಾಸಲಾಗಿತ್ತು, ಅಷ್ಟೇನೂ ಕಾಣಲಿಲ್ಲ. ಮಂತ್ರಗಾರನ ತಂಬಿಗೆಯಿಂದಲೇ ನೀರು ಚಿಮುಕಿಸಿದಳು. ಗೌಡ ಎಳೆದ ಗೀಟು ಎಲ್ಲರೂ ನೋಡುತ್ತಿದ್ದ ಹಾಗೆ ಕಪ್ಪಾಯಿತು.

ಊರಿಗೆ ಊರೇ ಗೌಡನ ಕೈ ನೋಡಿತಂತೆ. ಕಮ್ಮಾರ ಇಕ್ಕಳವನ್ನು ಬೆನ್ನ ಹಿಂದೆ ಮರೆಮಾಡಿದ. ಯಾರೋ ಹೋಗಿ ಸೋನವ್ವನ ಬಾಯಿಯ ಕಟ್ಟು ಬಿಚ್ಚಿದರು.

ಗೌಡನ ಮುಖ ಕೆಂಪಾಗಿತ್ತು. "ಹಂಗಾದ್ರ ನನ್ನ ಮನ್ಯಾಗ ಗೀಟು ಎಳದಾವ್ರು ಯಾರು?" ಅಂದ.

ಹೆಂಗಸರ ಗುಂಪಿನ ಹಿಂದೆ ರೇವಮ್ಮ ನಿಂತಿದ್ದಳು, ಬಲಗೈ ಸೆರಗಿನೊಳಗೆ. ಕಾಶವ್ವ ಆ ಕಡೆ ತಿರುಗಲಿಲ್ಲ. ತಿರುಗಿದ್ದರೆ ಎಲ್ಲರೂ ತಿರುಗುತ್ತಿದ್ದರು.

"ಈ ಊರಾಗ ಕೇರು ಇಟ್ಕೊಂಡಾಕಿ ನಾ ಒಬ್ಬಾಕೇ, ಗೌಡ್ರ. ಏನ್ ತಿಳ್ಕೊಂತೀರಿ ತಿಳ್ಕೊರಿ," ಅಂದಳು. ಅದರಲ್ಲಿ ಸುಳ್ಳಿರಲಿಲ್ಲ. "ಆದ್ರ ಒಂದು ಮಾತು. ನಿಮ್ಮ ಸೊಸಿ ಮೈಮ್ಯಾಲಿನ ಕರೀ ಬಾಸುಂಡಿ ಕೇರಿನವು. ಅವು ನನ್ನ ಲೆಕ್ಕಕ್ಕಿರಲಿ. ನೀಲಿ ಬಾಸುಂಡಿ ಕೇರಿನವಲ್ಲ. ಅವು ಯಾರವು ಅಂತ ನೀವ ಹುಡುಕ್ರಿ."

ಮಂತ್ರಗಾರ ತಂಬಿಗೆಯನ್ನೂ ಬಿಟ್ಟು ಹೊಳೆಯ ಕಡೆ ನಡೆದ ಅನ್ನುತ್ತಾರೆ. ಗೌಡನ ಮಗ ಬಹಳ ದಿನ ಕಟ್ಟೆಯ ಮೇಲೆ ಕಾಣಿಸಲಿಲ್ಲ ಅನ್ನುತ್ತಾರೆ.

ಕಾಶವ್ವನಿಗೆ ಏನಾಯಿತು ಅನ್ನುವುದರಲ್ಲಿ ಮಾತ್ರ ಒಂದೇ ಮಾತಿಲ್ಲ. ಆ ಇಕ್ಕಳ ಬರಿದೇ ಹಿಂದಿರುಗಲಿಲ್ಲ, ಅವಳ ಮುಂದಿನ ಹಲ್ಲನ್ನೇ ಕಿತ್ತರು ಅನ್ನುತ್ತಾರೆ ಮೇಲಿನ ಓಣಿಯವರು. ಮಡಿವಾಳರ ಮನೆಯವರು ಹಾಗೆ ಹೇಳುವುದಿಲ್ಲ. ಹಲ್ಲು ಹೋದದ್ದು ನಿಜ, ಆದರೆ ಅದು ಮುಪ್ಪಿನಲ್ಲಿ, ಪಾಚಿಗಲ್ಲಿನ ಮೇಲೆ ಜಾರಿ ಬಿದ್ದು ಹೋದದ್ದು ಅನ್ನುತ್ತಾರೆ. ಮನೆಯವರ ಮಾತೇ ಸರಿ ಇರಬೇಕು. ಎಲ್ಲರೂ ಒಪ್ಪುವುದು ಇಷ್ಟು: ನನ್ನ ಮನೆಯ ಬಟ್ಟೆಯನ್ನು ಇನ್ನು ಅವಳು ಮುಟ್ಟಬಾರದು, ನಮ್ಮ ಹೆಂಗಸರೇ ಒಗೆದುಕೊಳ್ಳಲಿ ಅಂದ ಗೌಡ. ಸುಗ್ಗಿಯಲ್ಲಿ ಅವಳಿಗೆ ಆ ಮನೆಯಿಂದ ಬರುತ್ತಿದ್ದ ಜೋಳ ನಿಂತಿತು. ಆ ವರ್ಷ ಅವಳ ಒಲೆ ಅಷ್ಟಾಗಿ ಉರಿಯಲಿಲ್ಲ. ಸೋನವ್ವ ಕೌದಿ ಕೊಟ್ಟು ತಂದ ಜೋಳದಲ್ಲಿ ಇಬ್ಬರೂ ರೊಟ್ಟಿ ತಟ್ಟಿ ತಿಂದರಂತೆ.

ಆದರೆ ಶಿಕ್ಷೆ ಕೊಟ್ಟ ಗೌಡನಿಗೆ ಒಂದು ಸಂಗತಿ ಹೊಳೆಯಲಿಲ್ಲ. ಒಗೆಯುವ ಕೆಲಸ ಮನೆಯವರದಾದ ಮೇಲೆ ಬಟ್ಟೆ ಹೊತ್ತು ಹೊಳೆಗೆ ಬರಬೇಕಾದವಳು ಸೊಸೆಯೇ. ರೇವಮ್ಮ ಮೊದಲ ಸಲ ದಂಡೆಗೆ ಬಂದಾಗ ಕಾಶವ್ವ ತನ್ನ ಒಗೆಯುವ ಕಲ್ಲಿನಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟು, "ಬಳಿ ಮ್ಯಾಲ ಏರ್ಸಿಕೊ, ತಂಗಿ, ತೊಯ್ತಾವ," ಅಂದಳು. ರೇವಮ್ಮ ಬಳೆಗಳನ್ನು ಮೊಣಕೈ ತನಕ ಏರಿಸಿಕೊಂಡಳು. ಕಾಶವ್ವ ಅವಳ ತೋಳು ನೋಡಿದಳು. ಪ್ರತಿ ಸಲವೂ ನೋಡುತ್ತಿದ್ದಳು. ತೋಳು ನೋಡುತ್ತಿದ್ದಾಳೆ ಅನ್ನುವ ಸುದ್ದಿ ಗೌಡನ ಮನೆಗೂ ಹೋಯಿತು. ನೀಲಿ ಬಾಸುಂಡೆ ಮತ್ತೆ ಕಾಣಲಿಲ್ಲವಂತೆ, ಕರಿಯವೂ ಕಾಣಲಿಲ್ಲವಂತೆ.

ಆ ಕಲ್ಲು ಇನ್ನೂ ಇದೆ. ಕೆಲವರು ಅದಕ್ಕೆ ಕುಂಕುಮ ಹಚ್ಚುತ್ತಾರೆ, ಅದರ ಮೇಲಿನ ನೀರು ಹಚ್ಚಿದರೆ ಕಜ್ಜಿ ಹೋಗುತ್ತದೆ ಅನ್ನುತ್ತಾರೆ. ಹೋಗುವುದಿಲ್ಲ. ಊರಲ್ಲಿ ಯಾರಾದರೂ ಭಾನಾಮತಿ ಅಂದರೆ, ಯಾರ ಹೆಸರನ್ನಾದರೂ ಎತ್ತುವ ಮೊದಲು ಮಡಿ ಹಾಸಿ ನೋಡಿ ಅಂತ ಹಿರಿಯರು ಈಗಲೂ ಹೇಳುತ್ತಾರೆ. ಇನ್ನೊಂದು ಪದ್ಧತಿ ಉಳಿದಿದೆ. ಮನೆಮನೆಗೆ ನಲ್ಲಿ ಬಂದಿದ್ದರೂ, ಆ ಊರಿಗೆ ಹೊಸ ಸೊಸೆ ಬಂದು ತಿಂಗಳು ತುಂಬುವುದರೊಳಗೆ ಓಣಿಯ ಹೆಂಗಸರು ಅವಳ ಕೈಗೆ ಒಂದು ಸೀರೆ ಕೊಟ್ಟು ಹೊಳೆಗೆ ಕರೆದುಕೊಂಡು ಹೋಗುತ್ತಾರೆ. ಗಂಡಸರು ಆ ಹೊತ್ತು ದಂಡೆಗೆ ಇಳಿಯುವುದಿಲ್ಲ. ಅವಳನ್ನು ಕಾಶವ್ವನ ಕಲ್ಲಿನ ಮುಂದೆ ನಿಲ್ಲಿಸಿ, ಬಳೆ ಮೇಲೇರಿಸಿಕೊ ಅನ್ನುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಸುತ್ತ ಕೂತು, ಅವಳು ಒಗೆಯುವುದು ಮುಗಿಯುವ ತನಕ ಆ ತೋಳುಗಳನ್ನು ನೋಡುತ್ತಾರೆ.