ಫಕೀರವ್ವ ಬಿಡಿಸಿದ ಚೀಲ

ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಬಿಡಿಸುವ ಫಕೀರವ್ವನಿಗೆ ಪೋಲಿಯೊದಿಂದ ಒಂದು ಕಾಲು ಸೊರಗಿತ್ತು. ಕೂತು ಮಾಡುವ ಕೆಲಸಕ್ಕೆ ಕಾಲಿನ ಹಂಗಿರಲಿಲ್ಲ. ಆದರೂ ಸಾಹುಕಾರ ಚನ್ನವೀರಪ್ಪ, "ಕುಂಟಿಗೆ ಅರ್ಧ ಕೂಲಿ ಸಾಕು" ಎಂದುಬಿಟ್ಟಿದ್ದ. ಮನೆಯಲ್ಲಿ ಮಗಳ ಹಸಿವು ಮಾತ್ರ ಪೂರ್ತಿಯೇ ಇರುತ್ತಿತ್ತು.

ಒಂದು ದಿನ ದೊಡ್ಡ ವ್ಯಾಪಾರಿಯೊಬ್ಬ ಬಂದ. ಫಕೀರವ್ವ ಕೂತಲ್ಲಿಂದಲೇ ಕೂಗಿದಳು, "ಅಣ್ಣಾರ, ಆ ಚೀಲ ನಾ ಬಿಡಿಸಿದ್ದು. ಅದಕ್ಕ ಅರ್ಧ ರೇಟು ಕೊಡ್ರಿ."

"ಯಾಕವ್ವ, ಮಾಲು ಕೆಟ್ಟೈತೇನು?"

"ಕುಂಟಿ ಬಿಡಿಸಿದ್ದರಿ. ಸಾವ್ಕಾರ್ರು ನನಗ ಅರ್ಧಾನ ಕೊಡ್ತಾರ."

ವ್ಯಾಪಾರಿ ನಕ್ಕ. "ಹಂಗಾರ ಅರ್ಧಕ್ಕ ಹಾಕ್ರಿ, ಸಾವ್ಕಾರ್ರ."

ಚನ್ನವೀರಪ್ಪ ಗಾಬರಿಯಾದ. "ಏ, ಎಲ್ಲಾ ಚೀಲದ ಮಾಲೂ ಒಂದ ಐತ್ರಿ! ಒಂದು ತೊಟ್ಟು ಸಿಗಲಿ, ನೋಡೋಣ!"

"ಮಾಲು ಒಂದ ಅಂತ ನೀವ ಅಂದ್ರಲ್ಲರಿ, ಹಂಗಾರ ಕೂಲೀನೂ ಒಂದ" ಎಂದಳು ಫಕೀರವ್ವ.

ಎಲ್ಲರೆದುರು ಆಡಿದ ಮಾತು. ಸಂಜೆ ಆಕೆಗೆ ಪೂರ್ತಿ ಕೂಲಿ ಸಿಕ್ಕಿತು, ಹೆಂಗಸರ ಕೂಲಿ. ಪಕ್ಕದಲ್ಲೇ ಅದೇ ಕೆಲಸ ಮಾಡುವ, ಆಕೆಯಂತೆಯೇ ಕಾಲು ಸೊರಗಿದ ನಿಂಗಪ್ಪನಿಗೆ ಅದಕ್ಕಿಂತ ಹೆಚ್ಚು ಕೊಟ್ಟರು. ಅವನ ಕೂಲಿಯನ್ನು ಯಾರೂ ಎಂದೂ ಅರ್ಧ ಮಾಡಿರಲಿಲ್ಲ.

"ಅವಗ್ಯಾಕ್ರಿ ಜಾಸ್ತಿ?" ಎಂದು ಕೇಳಿದಳು.

"ಅವ ಗಂಡಸಲ್ಲೇನವ್ವ" ಎಂದ ಸಾಹುಕಾರ, ಮೆಲ್ಲಗೆ, ತಿಳಿಹೇಳುವವನಂತೆ.

ಸಾಲಿನಲ್ಲಿ ಕೂತಿದ್ದ ಹೆಂಗಸರೂ ಹೌದೆಂದು ತಲೆಯಾಡಿಸಿದರು. ಫಕೀರವ್ವ ಸಿಕ್ಕಷ್ಟು ಕೂಲಿಯನ್ನು ಸೆರಗಿಗೆ ಕಟ್ಟಿಕೊಂಡಳು.